ನಾಲ್ಕು ಡಬ್ಬಿ ಪೆಲೆಟ್: ತೂಗಿ, ಉರುಳಿಸಿ, ಹೊಡೆದು ನೋಡಿದ ಲೆಕ್ಕ

ಕುಮಟಾ, ಜೂನ್‌ನಿಂದ ಆಗಸ್ಟ್

ಮಗಳು 10 ಮೀಟರ್ ಏರ್ ರೈಫಲ್ ಹೊಡೆಯುತ್ತಾಳೆ. ರೈಫಲ್ ಸೆಕೆಂಡ್ ಹ್ಯಾಂಡ್, ಗಾಳಿ ಸಿಲಿಂಡರ್ ಇರುವ ಮ್ಯಾಚ್ (ಸ್ಪರ್ಧೆಯ) ಮಾದರಿ. ಬೇಸಿಗೆ ಮುಗಿಯುವವರೆಗೂ ಅಂಕ ಏರುತ್ತಿತ್ತು. ಮಳೆ ಹಿಡಿದದ್ದೇ ಇಳಿಯಿತು. "ಅಪ್ಪಾ, ಸರೀ ಬಿಟ್ಟಿದ್ದೂ ಎಡಕ್ಕೇ ಹೋಗ್ತು" ಎಂದು ಅವಳು ಹೇಳಿದಾಗ ನಾನು ಮೊದಲು ನೋಡಿದ್ದು ರೈಫಲನ್ನು. ಸ್ಟಾಕಿನ (ರೈಫಲ್ ಹಿಡಿಯುವ ಭಾಗದ) ಎರಡೂ ಸ್ಕ್ರೂ ಬಿಗಿ ಇದ್ದವು, ಗುರಿ ಹಿಡಿಯುವ ಸೈಟ್ ಅಲುಗಾಡುತ್ತಿರಲಿಲ್ಲ, ಗೇಜ್ ಒಂದೇ ಒತ್ತಡ ತೋರಿಸುತ್ತಿತ್ತು. ಇನ್ನು ಉಳಿದದ್ದು ಪೆಲೆಟ್, ಅಂದರೆ ಗಾಳಿಯ ಒತ್ತಡದಲ್ಲಿ ಹಾರುವ ಸೀಸದ ಸಣ್ಣ ಗುಂಡು.

ಹೊರದೇಶಗಳಲ್ಲಿ ದೊಡ್ಡ ರೈಫಲ್ ಹೊಡೆಯುವವರು ತೋಟಾದ ಹಿತ್ತಾಳೆ ಕೋಶಗಳನ್ನು ತೂಗಿ, ಗೋಡೆಯ ದಪ್ಪ ಅಳೆದು ವಿಂಗಡಿಸಿಕೊಳ್ಳುತ್ತಾರೆ. ನಮ್ಮಲ್ಲಿ ಮನೆಯಲ್ಲಿ ತೋಟಾ ತುಂಬುವ ಮಾತಿಲ್ಲ. 4.5 ಮಿ.ಮೀ. ಸೀಸದ ಪೆಲೆಟ್ಟಿಗೆ ಮಾತ್ರ ಅಂಥದೇ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಬೋರಿನ (ಇಂಚಿನ ಲೆಕ್ಕ, ಅಂದರೆ ಇದೇ 4.5 ಮಿ.ಮೀ.), ಗುಂಡಿನ ಶಕ್ತಿ 20 ಜೂಲ್ ಮೀರದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಮ್ಯಾಚ್ ರೈಫಲ್ ಸುಮಾರು 7.5 ಜೂಲಿನದು.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಈ ಆಟದ ಗುರಿಹಲಗೆಯಲ್ಲಿ 10ರ ಚುಕ್ಕಿ ಬರೀ ಅರ್ಧ ಮಿ.ಮೀ. ಒಂದು ರಿಂಗ್‌ನಿಂದ ಮುಂದಿನದಕ್ಕೆ 2.5 ಮಿ.ಮೀ., ಅಂದರೆ ದಶಮಾಂಶದ ಲೆಕ್ಕದಲ್ಲಿ ಕಾಲು ಮಿ.ಮೀ. ಸರಿದರೆ 0.1 ಹೋಯಿತು. 60 ಗುಂಡಿಗೂ ಅಷ್ಟಷ್ಟೇ ಹೋದರೆ 6 ಅಂಕ. ಜಿಲ್ಲೆಯ ಹುಡುಗಿ ರಾಜ್ಯಮಟ್ಟಕ್ಕೆ ಆಯ್ಕೆಯಾಗುವುದೂ ಮನೆಗೆ ವಾಪಸಾಗುವುದೂ ಅದಕ್ಕಿಂತ ಕಡಿಮೆ ಅಂತರದಲ್ಲಿ ತೀರ್ಮಾನವಾಗುತ್ತದೆ.

ಜೂನ್ ಮೊದಲ ವಾರ: ಮೇಜಿನ ಮೇಲೆ ಏನಿತ್ತು

ಕಂಪನಿಗಳ ಹೆಸರು ಹೇಳುವುದಿಲ್ಲ. ನನ್ನ ಒಂದು ರೈಫಲ್ಲಿನಲ್ಲಿ ಬಂದ ಫಲ ನಿಮ್ಮ ರೈಫಲ್ಲಿನಲ್ಲೂ ಬರಬೇಕೆಂದಿಲ್ಲ. ಹೆಸರು ಬರೆದರೆ ಜನ ಉಳಿದದ್ದನ್ನು ಓದದೇ ಅದೇ ಡಬ್ಬಿ ತರಿಸುತ್ತಾರೆ.

'ಅ' ಡಬ್ಬಿ: ಆಮದು ಮಾಲು, ಮ್ಯಾಚ್ ದರ್ಜೆ, ಮೇಲೆ 0.53 ಗ್ರಾಂ, ತಲೆ (ಪೆಲೆಟ್ಟಿನ ಮುಂಭಾಗ) 4.50 ಮಿ.ಮೀ. ಎಂದು ಬರೆದಿದೆ.
'ಆ' ಡಬ್ಬಿ: ಅದೇ ಕಂಪನಿ, ಅದೇ ದರ್ಜೆ, ತಲೆ 4.49.
'ಇ' ಡಬ್ಬಿ: ಬೇರೆ ದೇಶದ್ದು, 0.53 ಗ್ರಾಂ, 4.50. ಅ ಡಬ್ಬಿಗಿಂತ ಒಂದೂವರೆ ಪಟ್ಟು ದುಬಾರಿ.
'ಈ' ಡಬ್ಬಿ: ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಅಗ್ಗದ ಮಾಲು. ತೂಕ, ತಲೆಯ ಅಳತೆ ಏನೂ ಬರೆದಿಲ್ಲ.

ಇವಲ್ಲದೇ ಹಳೆಯದೊಂದು ಡಬ್ಬಿ ಇತ್ತು. ಅದೂ ಅ ಡಬ್ಬಿಯ ಮಾಲೇ, ಹೋದ ವರ್ಷ ತರಿಸಿದ್ದು. ಮಗಳು ಮಳೆ ಶುರುವಾದಾಗಿನಿಂದ ಹೊಡೆಯುತ್ತಿದ್ದದ್ದು ಅದನ್ನೇ.

ಸಾಮಾನು: 0.001 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ (₹1,400), 0.02 ಮಿ.ಮೀ. ವರ್ನಿಯರ್ (ಮನೆಯಲ್ಲೇ ಇತ್ತು), ಫೋಟೋ ಫ್ರೇಮ್ ಅಂಗಡಿಯ ಗಾಜಿನ ತುಂಡು (₹40), ಗ್ರಾಫ್ ಹಾಳೆ, ಸ್ಪಿರಿಟ್ ಲೆವೆಲ್, ಹಳೇ ಸೈಕಲ್ ಟ್ಯೂಬು, ಎರಡು ಚಿರೇಕಲ್ಲು, ಬಡಗಿಯ ಸಿ-ಕ್ಲ್ಯಾಂಪ್ ಎರಡು.

ಗಾಳಿಗೆ ಸ್ಕೂಬಾ ಸಿಲಿಂಡರ್. ಮುರುಡೇಶ್ವರದಲ್ಲಿ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರೆದೊಯ್ಯುವವರ ಕಡೆಯಿಂದ 200 ಬಾರ್ ಒತ್ತಡಕ್ಕೆ ತುಂಬಿಸಿ ತಂದಿಟ್ಟಿದ್ದೆ. ಮಳೆಗಾಲದಲ್ಲಿ ಅವರ ಕೆಲಸ ನಿಲ್ಲುತ್ತದೆ, ಆದ್ದರಿಂದ ಮೇ ತಿಂಗಳೊಳಗೇ ತುಂಬಿಸಿಕೊಳ್ಳಬೇಕು. ಕೈಪಂಪಿನಲ್ಲೂ ಆಗುತ್ತದೆ, ಆದರೆ ಜೂನ್ ತಿಂಗಳ ಕುಮಟೆಯ ಗಾಳಿಯನ್ನು ಪಂಪು ಹೊಡೆದು ಸಿಲಿಂಡರಿಗೆ ತುಂಬುವುದೆಂದರೆ ಅದರ ಜೊತೆ ನೀರನ್ನೂ ತುಂಬಿದ ಹಾಗೆ.

ಜೂನ್ ಎರಡನೇ ವಾರ: ತೂಕ

ತಕ್ಕಡಿ ಮೊದಲ ದಿನ ಒಂದೇ ಪೆಲೆಟ್ಟನ್ನು 0.529 ಎಂದೂ 0.534 ಎಂದೂ ತೋರಿಸಿತು. ಫ್ಯಾನ್ ನಿಲ್ಲಿಸಿದೆ, ಕಿಟಕಿ ಹಾಕಿದೆ, ಆದರೂ ಅಂಕಿ ನಿಲ್ಲಲಿಲ್ಲ. ಮೆತ್ತಿನ (ಮಹಡಿಯ) ಮೇಲಿನ ಹಲಗೆ ನೆಲ ನಾವು ಉಸಿರಾಡಿದರೂ ಅಲುಗುತ್ತದೆ. ಕೆಳಗೆ ಜಗಲಿಯ ಸಿಮೆಂಟ್ ಕಟ್ಟೆಯ ಮೇಲಿಟ್ಟು, ಮೇಲಿನಿಂದ ಗಾಜಿನ ಭರಣಿ ಬೋರಲು ಹಾಕಿ, ಆನ್ ಮಾಡಿ ಅರ್ಧ ತಾಸು ಬಿಟ್ಟ ಮೇಲೆ ಸರಿಬಂತು. ಹತ್ತು ಸಲ ತೂಗಿದರೆ 0.001ಕ್ಕಿಂತ ಹೆಚ್ಚು ಹಂದಾಡಲಿಲ್ಲ.

ನಂಬಿಕೆಗೆ ಐದು ಪೆಲೆಟ್ಟನ್ನು ಒಂದೊಂದೇ ಕಾಗದದಲ್ಲಿ ಸುತ್ತಿ, ನಂಬರ್ ಬರೆದು, ಪೇಟೆಯ ಶೇಟರ ಅಂಗಡಿಗೆ ಒಯ್ದೆ. ಚಿನ್ನ ತೂಗುವ ತಕ್ಕಡಿಗೆ ಸೀಸ ತಾಗಿಸಬಾರದೆಂದು ಅವರು ಬೇರೆ ತಟ್ಟೆ ಇಟ್ಟು ತೂಗಿಕೊಟ್ಟರು. ಐದರಲ್ಲೂ ನನ್ನ ತಕ್ಕಡಿ 0.002 ಹೆಚ್ಚು ತೋರಿಸುತ್ತಿತ್ತು. ಒಂದೇ ಸಮನೆ ಹೆಚ್ಚು ತೋರಿಸುವುದಾದರೆ ತೊಂದರೆಯಿಲ್ಲ, ನಮಗೆ ಬೇಕಾದದ್ದು ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ.

ಪ್ರತಿ ಡಬ್ಬಿಯಿಂದ 100 ಪೆಲೆಟ್ ತೂಗಿದೆ. ಕಣ್ಣು ಮುಚ್ಚಿ ತೆಗೆದವು, ಆರಿಸಿದವಲ್ಲ.

ಅ: 0.527ರಿಂದ 0.535
ಆ: 0.528ರಿಂದ 0.535
ಇ: 0.529ರಿಂದ 0.534
ಈ: 0.471ರಿಂದ 0.528
ಹಳೆಯದು: 0.527ರಿಂದ 0.541

ತೂಕದಲ್ಲಿ ದುಬಾರಿ ಡಬ್ಬಿ ಗೆದ್ದಿತು. ಆದರೆ ಗುರಿಯ ಮೇಲೆ ಅದು ಎಷ್ಟಾಗುತ್ತದೆ? ಈ ರೈಫಲ್ಲಿನಲ್ಲಿ ಪೆಲೆಟ್ 10 ಮೀಟರ್ ದಾಟುವುದರೊಳಗೆ ಸುಮಾರು 17-18 ಮಿ.ಮೀ. ಕೆಳಗಿಳಿಯುತ್ತದೆ. ತೂಕ ನೂರಕ್ಕೆ 2ರಷ್ಟು ಬೇರೆಯಾದರೆ, ಅಂದರೆ 0.01 ಗ್ರಾಂ, ವೇಗ ನೂರಕ್ಕೆ 1ರಷ್ಟು ಬದಲಾಗಿ ಗುಂಡು ಮೇಲೆ ಕೆಳಗೆ ಮೂರನೇ ಒಂದು ಮಿ.ಮೀ. ಸರಿಯುತ್ತದೆ. ಅ ಡಬ್ಬಿಯ ಅತಿ ಹಗುರಕ್ಕೂ ಅತಿ ಭಾರಕ್ಕೂ ಇರುವುದೇ 0.008. ಆಸುಪಾಸಿನವು 0.003ರೊಳಗೆ ಇರುತ್ತವೆ. 'ಈ' ಡಬ್ಬಿಯ 0.057 ವ್ಯತ್ಯಾಸ ಮಾತ್ರ ಹಾಳೆಯ ಮೇಲೆ ಕಣ್ಣಿಗೇ ಕಾಣುವಂಥದು.

ಜೂನ್ ಮೂರನೇ ವಾರ: ತಲೆಯ ಅಳತೆ

ವರ್ನಿಯರ್ ಈ ಕೆಲಸಕ್ಕೆ ಬರುವುದಿಲ್ಲ. ಅದರ ಹೆಜ್ಜೆಯೇ 0.02, ನಮಗೆ ಬೇಕಾದದ್ದು 0.01. ಅದಕ್ಕಿಂತ ಕೆಟ್ಟದ್ದೆಂದರೆ ಸೀಸ ಮೆತ್ತಗೆ. ಸ್ವಲ್ಪ ಬಿಗಿ ಹಿಡಿದರೆ ಅಳತೆಯೇ ಬದಲಾಗುತ್ತದೆ. ಒಂದೇ ಪೆಲೆಟ್ಟನ್ನು ತಿರುತಿರುಗಿಸಿ ಅಳೆದಾಗ 4.46ರಿಂದ 4.52ರ ತನಕ ಬಂತು, ತೆಗೆದು ನೋಡಿದರೆ ತಲೆಯ ಅಂಚಿನಲ್ಲಿ ಎರಡು ಗೀರು. ಅಳೆಯುವ ತೂತುಗಳಿರುವ ತಗಡು ಹೊರದೇಶದಲ್ಲಿ ಸಿಗುತ್ತದೆ. ತರಿಸುವ ಖರ್ಚಿಗೆ ಎರಡು ಡಬ್ಬಿ ಪೆಲೆಟ್ ಬರುತ್ತದೆ.

ಹಾಗಾಗಿ ಗಾಜಿನ ಮೇಲೆ ಉರುಳಿಸುವ ಉಪಾಯ. ಪೆಲೆಟ್ಟಿನ ತಲೆ ಸಣ್ಣ, ಹಿಂಬದಿಯ ಟೊಳ್ಳು ಅಂಚು, ಅಂದರೆ ಸ್ಕರ್ಟ್, ದೊಡ್ಡ. ಇಳಿಜಾರಿನಲ್ಲಿ ಅಡ್ಡ ಮಲಗಿಸಿ ಬಿಟ್ಟರೆ ನೇರ ಉರುಳುವುದಿಲ್ಲ, ತಲೆಯ ಕಡೆಗೆ ಬಾಗುತ್ತಾ ಉರುಳುತ್ತದೆ. ಎಷ್ಟು ಬಾಗುತ್ತದೆ ಎನ್ನುವುದು ತಲೆಗೂ ಸ್ಕರ್ಟಿಗೂ ಇರುವ ವ್ಯತ್ಯಾಸದ ಮೇಲೆ.

ಮೊದಲು 30 ಸೆಂ.ಮೀ. ಉದ್ದದ ಗಾಜು ಹಾಕಿದೆ, ಉದ್ದ ಹೆಚ್ಚಿದ್ದಷ್ಟೂ ಅಂತರ ಹೆಚ್ಚು ಕಾಣುತ್ತದೆ ಎಂಬ ಲೆಕ್ಕದಲ್ಲಿ. ಒಂದೂ ಕೆಳಗಿನ ಅಂಚು ಮುಟ್ಟಲಿಲ್ಲ. ಎಲ್ಲವೂ ಗಾಜಿನ ನಡುವೆಯೇ ತಿರುಗಿ, ಗಡಿಯಾರದ ಲೋಲಕದಂತೆ ಆಚೀಚೆ ತೂಗಿ ನಿಂತವು. ಕಾಗದದ ಮೇಲೆ ಲೆಕ್ಕ ಹಾಕಿದಾಗ ಕಾರಣ ಗೊತ್ತಾಯಿತು. ತಲೆ 4.50, ಸ್ಕರ್ಟ್ 4.75, ನೆಲ ಮುಟ್ಟುವ ಎರಡು ಅಂಚುಗಳ ನಡುವೆ 5 ಮಿ.ಮೀ. ಎಂದಿಟ್ಟುಕೊಂಡರೆ ಪೆಲೆಟ್ ಉರುಳುವ ವೃತ್ತದ ತ್ರಿಜ್ಯವೇ 9 ಸೆಂ.ಮೀ. ಅದಕ್ಕಿಂತ ಕೆಳಗೆ ಅದು ಇಳಿಯುವ ಹಾಗೇ ಇಲ್ಲ.

ಎರಡನೇ ಸಲ ಬಿಡುವ ಜಾಗದಿಂದ ಸರಿಯಾಗಿ 8 ಸೆಂ.ಮೀ. ಕೆಳಗೆ ಗಾಜಿನ ಅಂಚು ಬರುವಂತೆ ಕೊಯ್ಸಿದೆ. ಆ ಜಾಗದಲ್ಲಿ ತಲೆ 0.02 ದೊಡ್ಡದಾದರೆ ಪೆಲೆಟ್ ಬೀಳುವ ಜಾಗ ಸುಮಾರು 7 ಮಿ.ಮೀ. ಸರಿಯುತ್ತದೆ, ಬರಿಗಣ್ಣಿಗೆ ಕಾಣುವಷ್ಟು. ಮೇಲಿನ ತುದಿಗೆ 5 ಮಿ.ಮೀ. ಎತ್ತರ ಕೊಟ್ಟೆ. ಅಡ್ಡಕ್ಕೆ ಲೆವೆಲ್ ಕಟ್ಟುನಿಟ್ಟಾಗಿ ನೋಡಬೇಕು, ಇಲ್ಲದಿದ್ದರೆ ಎಲ್ಲವೂ ಒಂದೇ ಕಡೆ ಎಳೆದುಕೊಳ್ಳುತ್ತವೆ. ಗಾಜಿನ ಕೆಳಗೆ ಗ್ರಾಫ್ ಹಾಳೆ. ಮೇಲೆ ಉಕ್ಕಿನ ಸ್ಕೇಲಿಗೆ ಒರಗಿಸಿ ಪೆಲೆಟ್ ಇಟ್ಟು, ಸ್ಕೇಲನ್ನು ಮೇಲಕ್ಕೆ ಎತ್ತಿ ಬಿಡುವುದು. ಬೆರಳಿನಲ್ಲಿ ಬಿಟ್ಟರೆ ಬೆರಳು ತಳ್ಳಿಬಿಡುತ್ತದೆ. ಮೊದಲ ದಿನ ಮೊಬೈಲಿನ ಸ್ಲೋ ಮೋಷನ್ನಿನಲ್ಲಿ ಹಿಡಿದು ಬೀಳುವ ಜಾಗ ಗುರುತು ಮಾಡಿದೆ, ಆಮೇಲೆ ತಗಡಿನ ತೆಳು ಗೋಡೆ ನಿಲ್ಲಿಸಿ ಮೂರು ಖಾನೆ ಮಾಡಿದೆ. ನಡುವಿನದು 8 ಮಿ.ಮೀ., ಅದರಲ್ಲಿ ಬಿದ್ದದ್ದು ಪಾಸು. ತಲೆ ತೀರಾ ಸಣ್ಣದಿದ್ದರೆ ಪೆಲೆಟ್ ಅಂಚಿಗೇ ಬರದೇ ಗಾಜಿನ ಮೇಲೆ ತಿರುಗಿ ನಿಲ್ಲುತ್ತದೆ. ಸ್ಕರ್ಟ್ ನೆಗ್ಗಿದ್ದರೆ ಕುಂಟುತ್ತಾ ಬರುತ್ತದೆ, ಟಿಕ್ ಟಿಕ್ ಎಂದು ಕೇಳಿಸುತ್ತದೆ ಕೂಡಾ. ಕಣ್ಣಿಗೆ ಕಾಣದ ನೆಗ್ಗೂ ಕಿವಿಗೆ ಸಿಕ್ಕಿತು.

ಈ ಗಾಜಿನ ಸಾಧನ ತಲೆ ಎಷ್ಟು ಮಿ.ಮೀ. ಎಂದು ಹೇಳುವುದಿಲ್ಲ. ಒಂದೇ ಡಬ್ಬಿಯ ಪೆಲೆಟ್ಟುಗಳು ಒಂದಕ್ಕೊಂದು ಹೊಂದುತ್ತವೆಯೇ ಇಲ್ಲವೇ ಎಂದಷ್ಟೇ ಹೇಳುತ್ತದೆ. ಡಬ್ಬಿ ಬದಲಾದರೆ ಖಾನೆಯ ಜಾಗ ಮತ್ತೆ ಹೊಂದಿಸಬೇಕು.

ನೂರರಲ್ಲಿ ನಡುವಿನ ಖಾನೆಗೆ ಬಿದ್ದವು: ಅ 89, ಆ 93, ಇ 84, ಈ 38. ತೂಕದಲ್ಲಿ ಮುಂದಿದ್ದ ಇ ಇಲ್ಲಿ ಹಿಂದೆ ಬಿತ್ತು. ಅದರ ಹೆಚ್ಚಿನ ತಪ್ಪು ತಲೆಯದಲ್ಲ, ಸ್ಕರ್ಟಿನದು. ದೂರದಿಂದ ಬರುವಾಗ ಡಬ್ಬಿಯೊಳಗೆ ಒಂದಕ್ಕೊಂದು ಬಡಿದುಕೊಂಡಿರಬೇಕು, ಮುಚ್ಚಳದ ಕೆಳಗೆ ಸ್ಪಂಜು ತೆಳ್ಳಗಿತ್ತು.

ಜುಲೈ ಮೊದಲ ವಾರ: ಹೊಡೆಯುವ ಕಟ್ಟೆ

ಮಗಳ ಕೈಯಿಂದ ಹೊಡೆಸಿದರೆ ಪೆಲೆಟ್ಟಿನ ತಪ್ಪು ಯಾವುದು, ಕೈಯದು ಯಾವುದು ಎಂದು ಬಿಡಿಸಲಾಗುವುದಿಲ್ಲ. ಮರಳಿನ ಚೀಲದ ಮೇಲಿಟ್ಟು ಮೆತ್ತಿನಲ್ಲಿ ಹೊಡೆದು ನೋಡಿದೆ. ಮೆತ್ತು ಉದ್ದಕ್ಕಿದೆ, ಒಣಗಿದೆ, ಆದರೆ ನೆಲದ ಹಲಗೆ ಕಾಲು ಬದಲಿಸಿದಾಗೆಲ್ಲ ಬಾಗುತ್ತದೆ. ಅ ಡಬ್ಬಿಯ ಐದು ಗುಂಡು 7 ಮಿ.ಮೀ. ಹರಡಿತು. ಅದು ಪೆಲೆಟ್ಟಿನ ಲೆಕ್ಕವಲ್ಲ, ಮನೆಯ ಲೆಕ್ಕ.

ಜಗಲಿಯಿಂದ ಕೊಟ್ಟಿಗೆಯ ಗೋಡೆಯ ತನಕ 10 ಮೀಟರ್ ಸಿಗುತ್ತದೆ, ಮೇಲೆ ಮಾಡು ಇದೆ. ಎರಡು ಚಿರೇಕಲ್ಲನ್ನು ಸಿಮೆಂಟ್ ನೆಲದ ಮೇಲೆ ಕೂರಿಸಿ, ಮೇಲೆ ಹಲಸಿನ ಹಲಗೆ, ಅದಕ್ಕೆ ಎರಡು ಸಿ-ಕ್ಲ್ಯಾಂಪ್. ಕ್ಲ್ಯಾಂಪಿನ ಬಾಯಿಗೆ ಸೈಕಲ್ ಟ್ಯೂಬ್ ಎರಡು ಸುತ್ತು. ಹಿಡಿಯುವುದು ಸ್ಟಾಕನ್ನು ಮಾತ್ರ. ನಳಿಕೆಯನ್ನಾಗಲಿ ಗಾಳಿ ಸಿಲಿಂಡರನ್ನಾಗಲಿ ಹಿಡಿಯಕೂಡದು: ನಳಿಕೆ ಹಿಡಿದರೆ ಗುಂಡಿನ ಜಾಗ ಸರಿಯುತ್ತದೆ, 200 ಬಾರ್ ತುಂಬಿದ ಸಿಲಿಂಡರ್ ಕ್ಲ್ಯಾಂಪಿಗೆ ಕೊಡುವ ವಸ್ತುವಲ್ಲ.

ಗುಂಡು ಹಿಡಿಯಲು ಮರದ ಪೆಟ್ಟಿಗೆ, ಹಿಂಬದಿಗೆ 5 ಮಿ.ಮೀ. ಕಬ್ಬಿಣದ ತಗಡು, ಮುಂದೆ ಒತ್ತಿ ತುಂಬಿದ ಹಳೇ ಹತ್ತಿ ಸೀರೆ. ಬರೀ ತಗಡಿಟ್ಟರೆ ಸೀಸದ ಚೂರು ವಾಪಸ್ ಹಾರುತ್ತದೆ, ಧೂಳೂ ಏಳುತ್ತದೆ. ಸೀರೆ ಎರಡನ್ನೂ ಹಿಡಿಯಿತು. ಹೊಡೆಯುವವರಿಗೂ ನೋಡುವವರಿಗೂ ಕನ್ನಡಕ. ಕೊಟ್ಟಿಗೆಯ ಬಾಗಿಲಿಗೆ ಅಗಳಿ, ಕರು ಆಚೆ ಕಡೆ.

ಈ ಕಟ್ಟೆ ನೋಡಲು ಬಂದ ನೆರೆಯವರು ಮೂವರೂ ಕೇಳಿದ್ದು ಒಂದೇ: ಮಂಗ ಓಡಿಸಲು ಆಗುತ್ತದೆಯೇ? ಆಗುವುದಿಲ್ಲ, ಮಾಡಲೂಬಾರದು. ವನ್ಯಜೀವಿ ಕಾನೂನು ಇದೆ, ಅದಕ್ಕಿಂತ ಮೊದಲು ಇಷ್ಟು ಸಣ್ಣ ಬಲದ ಗುಂಡು ಪ್ರಾಣಿಯ ಮೈಯಲ್ಲಿ ಗಾಯವಾಗಿ ಕೊಳೆಯುತ್ತದೆ. ತೆಂಗು ಅಡಿಕೆ ಹಾಳಾಗುವ ಸಂಕಟ ನನಗೂ ಇದೆ. ಅದಕ್ಕೆ ಇದು ಉತ್ತರವಲ್ಲ.

ಜುಲೈ ಎರಡು, ಮೂರನೇ ವಾರ: ಹಾಳೆಯ ಮೇಲೆ

ವಿಧಾನ ಹೀಗೆ. ಡಬ್ಬಿ ಬದಲಿಸುವ ಮೊದಲು ನಳಿಕೆಯಲ್ಲಿ ಎರಡು ಒಣ ಫೆಲ್ಟ್ (ನಳಿಕೆ ಒರೆಸುವ ಬಿಲ್ಲೆ) ಓಡಿಸುವುದು, ಹೊಸ ಪೆಲೆಟ್ 20 ಲೆಕ್ಕಕ್ಕಿಲ್ಲದೇ ಹೊಡೆಯುವುದು, ಆಮೇಲೆ ಒಂದು ಹಾಳೆಗೆ ಐದು ಗುಂಡು. ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆದರೆ ನಡುವಿನಿಂದ ನಡುವಿಗೆ ಹರವು ಸಿಗುತ್ತದೆ. ಮಳೆಗಾಲದ ಹಾಳೆ ತೇವ ಹಿಡಿದು ತೂತು ಹರಿಯುತ್ತದೆ. ಹೊಡೆಯುವ ಮುಂಚೆ ಹಾಳೆಗಳನ್ನು ಬಲ್ಬಿನ ಕೆಳಗೆ ಒಣಗಿಸಿಕೊಂಡಾಗಷ್ಟೇ ತೂತು ಗುಂಡಗೆ ಬಂದವು.

ಮೊದಲ ಸಂಜೆ ಇ ಡಬ್ಬಿಯ ಒಂದು ಹಾಳೆ 1.3 ಮಿ.ಮೀ. ಬಂತು, ಐದು ಗುಂಡಿಗೆ ಒಂದೇ ತೂತು. ಮಗಳು ಅದನ್ನೇ ತರಿಸೋಣ ಎಂದಳು. ಮುಂದಿನ ಹಾಳೆಗಳಲ್ಲಿ ಅದೇ ಡಬ್ಬಿ 2.9, 2.2, 3.0 ಬಂತು. ಒಂದು ಹಾಳೆ ನೋಡಿ ಡಬ್ಬಿ ಆರಿಸುವುದು ಎಷ್ಟು ಅಪಾಯ ಎನ್ನುವುದಕ್ಕೆ ಆ ಹಾಳೆಯನ್ನು ಈಗಲೂ ಗೋಡೆಗೆ ಅಂಟಿಸಿಟ್ಟಿದ್ದೇನೆ. ಎಷ್ಟೇ ಒಳ್ಳೆಯ ಹಾಳೆ ಬಂದರೂ ಹತ್ತು ಹಾಳೆಯ ಸರಾಸರಿ ಬಾರದೇ ಮಾತಾಡುವುದಿಲ್ಲ ಎಂದು ನಿಯಮ ಮಾಡಿಕೊಂಡೆವು.

ಹತ್ತು ಹಾಳೆಯ ಸರಾಸರಿ:

ಆ: 1.8 ಮಿ.ಮೀ.
ಇ: 2.3
ಅ: 2.4
ಹಳೆಯ ಡಬ್ಬಿ: 4.3
ಈ: 5.6

ಆ ಮತ್ತು ಅ ಒಂದೇ ಕಂಪನಿಯ ಒಂದೇ ಮಾಲು. ತಲೆ 0.01 ಮಿ.ಮೀ. ಬೇರೆ, ಅಷ್ಟೇ. ಈ ನಳಿಕೆಗೆ 4.49 ಒಪ್ಪಿತು. ಬೇರೆ ನಳಿಕೆಗೆ 4.51 ಒಪ್ಪಬಹುದು, ಹೊಡೆಯದೇ ಗೊತ್ತಾಗುವುದಿಲ್ಲ.

ಇದೇ ಹೊತ್ತಿಗೆ ವಿಂಗಡಣೆಯಿಂದ ಏನಾದರೂ ಲಾಭವಿದೆಯೇ ಎಂದೂ ನೋಡಿದೆ. ಅ ಡಬ್ಬಿಯಲ್ಲಿ 0.530ರಿಂದ 0.532ರವು ಮಾತ್ರ ಆರಿಸಿ ಹೊಡೆದೆ: 2.4. ಆರಿಸದೇ ಹೊಡೆದದ್ದೂ 2.4. ಎರಡು ಸಂಜೆ ಕುಳಿತು ತೂಗಿದ್ದರಿಂದ ಹಾಳೆಯ ಮೇಲೆ ಏನೂ ಸಿಗಲಿಲ್ಲ. ಗಾಜಿನ ಮೇಲೆ ಪಾಸಾದವು: 2.1. ಫೇಲಾದವು: 3.3. ನೂರು ಪೆಲೆಟ್ ಉರುಳಿಸಲು ಇಪ್ಪತ್ತು ನಿಮಿಷ ಸಾಕು, ತೂಗಲು ಒಂದೂವರೆ ತಾಸು. ಒಳ್ಳೆಯ ಡಬ್ಬಿ ಇದ್ದರೆ ತಕ್ಕಡಿ ಬದಿಗಿಡಿ, ಗಾಜು ಇಟ್ಟುಕೊಳ್ಳಿ. 'ಈ' ಡಬ್ಬಿಯಂಥದ್ದಾದರೆ ತಕ್ಕಡಿಯೂ ಉಪಯೋಗಕ್ಕೆ ಬರುತ್ತದೆ, ಆದರೆ ಆರಿಸಿ ಆರಿಸಿ ಅರ್ಧಕ್ಕಿಂತ ಹೆಚ್ಚು ಎಸೆದ ಮೇಲೆ ಅಗ್ಗ ಎನ್ನುವ ಮಾತು ಉಳಿಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಸಂಗತಿ ಹಳೆಯ ಡಬ್ಬಿಯದು. ಅ ಡಬ್ಬಿಯದೇ ಮಾಲು, 2.4 ಬರಬೇಕಾದಲ್ಲಿ 4.3. ಹಾಳೆಯ ನಡುವಿನಿಂದ ಎಡಕ್ಕೂ ಕೆಳಕ್ಕೂ ಸರಿದಿತ್ತು. ಕ್ಲ್ಯಾಂಪಿನಲ್ಲಿ ಹಿಡಿದ ರೈಫಲ್ಲೂ ಎಡಕ್ಕೇ ಹೊಡೆಯುತ್ತಿದೆಯೆಂದರೆ ಮಗಳ ಕೈ ಸರಿಯಿದೆ.

ಜುಲೈ ಕೊನೆಯಿಂದ: ಬಿಳಿ ಪುಡಿ

ಹಳೆಯ ಡಬ್ಬಿಯ ಪೆಲೆಟ್ಟನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಹೊಸದು ಉಕ್ಕಿನ ಬಣ್ಣಕ್ಕೆ ಹೊಳೆಯುತ್ತದೆ. ಇದು ಬೂದಿ ಬಣ್ಣ, ತಲೆಗೂ ಸ್ಕರ್ಟಿಗೂ ನಡುವಿನ ಸೊಂಟದ ತಗ್ಗಿನಲ್ಲಿ ಬಿಳಿ ಪುಡಿ, ಸ್ಕರ್ಟಿನ ಒಳಗೂ ಅದೇ. ಕಪ್ಪು ಬಟ್ಟೆಯ ಮೇಲೆ ತಟ್ಟಿದರೆ ಹಿಟ್ಟಿನಂತೆ ಉದುರಿತು. ತೂಕದಲ್ಲಿ 0.541ರ ತನಕ ಹೋದದ್ದು ಇದರಿಂದ: ಸೀಸ ಗಾಳಿಯಿಂದ ಎಳೆದುಕೊಂಡದ್ದೂ ಸೇರಿ ಭಾರ. ಈ ಪುಡಿ ವಿಷ. ಊದಬಾರದು, ಗುಡಿಸಬಾರದು, ಒದ್ದೆ ಕಾಗದದಲ್ಲಿ ಒರೆಸಿ ತೆಗೆಯಬೇಕು. ಅಂದಿನಿಂದ ಪೆಲೆಟ್ ಮುಟ್ಟುವಾಗ ಕೈಗವಸು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೇ ಊಟದ ಮನೆಗೆ ಹೋಗುವಂತಿಲ್ಲ. ಪೆಲೆಟ್ ಬಾಯಲ್ಲಿ ಇಟ್ಟುಕೊಂಡು ಲೋಡ್ ಮಾಡುವ ಹುಡುಗರನ್ನು ನೋಡಿದ್ದೇನೆ, ಅವರ ಮನೆಯವರು ಇದನ್ನು ಓದಬೇಕು.

ಮಳೆಯ ತಣ್ಣಸಕ್ಕೆ (ತೇವಕ್ಕೆ) ಹೀಗಾಯಿತು ಎಂದು ಮೊದಲು ತಿಳಿದೆ. ಆದರೆ ಅದೇ ಸಲ ತರಿಸಿದ ಇನ್ನೊಂದು ಡಬ್ಬಿ, ಅದೇ ಮನೆಯಲ್ಲಿ, ಕಬ್ಬಿಣದ ಕಪಾಟಿನಲ್ಲಿ ಇತ್ತು. ತೆಗೆದು ನೋಡಿದರೆ ಸ್ವಲ್ಪ ಮಸುಕು, ಪುಡಿ ಇಲ್ಲ. ಹಾಳಾದ ಡಬ್ಬಿ ಇದ್ದದ್ದು ಮಗಳ ಕೋಣೆಯ ಹೊಸ ಪ್ಲೈವುಡ್ ಕಪಾಟಿನಲ್ಲಿ. ಬಾಗಿಲು ತೆರೆದರೆ ಇಂದಿಗೂ ಹುಳಿ ವಾಸನೆ ಬರುತ್ತದೆ.

ಮರ, ಪ್ಲೈವುಡ್, ರಟ್ಟು ಇವೆಲ್ಲ ನಿಧಾನವಾಗಿ ಅಸಿಟಿಕ್ ಆಮ್ಲದ ಆವಿ ಬಿಡುತ್ತವೆ. ತಣ್ಣಸವೂ ಸೇರಿದರೆ ಸೀಸ ಬಿಳಿಯಾಗುತ್ತದೆ. ಹಿಂದೆ ಬಣ್ಣಕ್ಕೆ ಬೇಕಾದ ಬಿಳಿ ಸೀಸ ತಯಾರಿಸುತ್ತಿದ್ದದ್ದೂ ವಿನೆಗರ್ ಆವಿಯಲ್ಲಿ ಸೀಸ ಇಟ್ಟೇ. ಇಷ್ಟು ಓದಿ ಗೊತ್ತಿತ್ತು, ನಮ್ಮ ಕಪಾಟೇ ಮಾಡುತ್ತದೆಯೇ ಎಂದು ನೋಡಬೇಕಿತ್ತು.

ಉಪ್ಪಿನಕಾಯಿಯ ಖಾಲಿ ಬಾಟಲಿ ನಾಲ್ಕು, ಬಿಸಿನೀರಲ್ಲಿ ಕುದಿಸಿ ಒಣಗಿಸಿದವು. ಪ್ರತಿಯೊಂದರಲ್ಲೂ ಅ ಡಬ್ಬಿಯ ಹತ್ತು ಹೊಸ ಪೆಲೆಟ್.

ಒಂದನೆಯದರಲ್ಲಿ ಒದ್ದೆ ಹತ್ತಿ ಮಾತ್ರ.
ಎರಡನೆಯದರಲ್ಲಿ ಒದ್ದೆ ಹತ್ತಿ ಮತ್ತು ಅದೇ ಕಪಾಟಿನ ಪ್ಲೈವುಡ್ ತುಂಡು.
ಮೂರನೆಯದರಲ್ಲಿ ಹತ್ತಿಗೆ ನಾಲ್ಕು ಹನಿ ವಿನೆಗರ್.
ನಾಲ್ಕನೆಯದರಲ್ಲಿ ಸಿಲಿಕಾ ಜೆಲ್ ಪೊಟ್ಟಣ.

ವಿನೆಗರ್ ಬಾಟಲಿ ಒಂದು ವಾರದೊಳಗೆ ಸುಣ್ಣ ಬಳಿದಂತಾಯಿತು. ಪ್ಲೈವುಡ್ಡಿನದು ಮೂರನೇ ವಾರಕ್ಕೆ ಸೊಂಟದ ಸುತ್ತ ಬಿಳಿ ಗೆರೆ, ತಟ್ಟಿದರೆ ಪುಡಿ. ಬರೀ ಒದ್ದೆ ಹತ್ತಿಯದು ಮಸುಕಾಯಿತು, ಪುಡಿ ಬರಲಿಲ್ಲ. ಸಿಲಿಕಾ ಜೆಲ್ಲಿನದು ಹೊಸದರಂತೆಯೇ ಇತ್ತು. ಕುಮಟೆಯ ಮಳೆ ಒಂದೇ ಈ ಕೆಲಸ ಮಾಡಲಿಲ್ಲ, ಕಪಾಟು ಕೈ ಜೋಡಿಸಿತು.

ಆಗಸ್ಟ್: ಹಾಳಾದದ್ದನ್ನು ತೊಳೆದು ನೋಡಿದ್ದು

ಆಯಿ ಹುಣಸೆಹಣ್ಣಿನಲ್ಲಿ ತಿಕ್ಕು ಎಂದರು. ದೇವರ ಹಿತ್ತಾಳೆಗೆ ಅದು ಸರಿ, ಸೀಸಕ್ಕೆ ಹುಳಿಯೇ ಶತ್ರು. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದು ಹನಿ, ಈ ಕೆಲಸಕ್ಕೇ ಮೀಸಲಿಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೆಲ್ಲಗೆ ಅಲುಗಿಸಿದೆ. ಜೋರಾಗಿ ಕುಲುಕಿದ ಮೊದಲ ಕಂತಿನಲ್ಲಿ ಸ್ಕರ್ಟ್ ನೆಗ್ಗಿದವು, ಗಾಜಿನ ಮೇಲೆ ಅರ್ಧ ಕುಂಟಿದವು. ಮೂರು ನೀರು ಬದಲಿಸಿ, ಸ್ಟೀಲ್ ತಟ್ಟೆಯಲ್ಲಿ ಹಳೇ ಬನಿಯನ್ ಬಟ್ಟೆ ಹಾಸಿ 40 ವ್ಯಾಟ್ ಬಲ್ಬಿನ ಕೆಳಗೆ ರಾತ್ರಿಯಿಡೀ. ತೊಳೆದ ನೀರನ್ನು ತೋಟಕ್ಕೂ ಬಾವಿಯ ಹತ್ತಿರಕ್ಕೂ ಚೆಲ್ಲಲಿಲ್ಲ. ಬಾಟಲಿಯಲ್ಲಿ ತುಂಬಿ, ಬಿಗಿ ಮುಚ್ಚಿ, ಗುರುತು ಬರೆದು ಪ್ರತ್ಯೇಕ ಇಟ್ಟಿದ್ದೇನೆ.

ತೂಕ ಇಳಿದು 0.522ಕ್ಕೂ 0.532ಕ್ಕೂ ನಡುವೆ ಬಂತು, ಅಂದರೆ ಒಂದೊಂದು ಪೆಲೆಟ್ ಒಂದೊಂದಷ್ಟು ಸೀಸ ಕಳೆದುಕೊಂಡಿತ್ತು. ಹಾಳೆಯ ಮೇಲೆ 3.1. ಒಂದು ಹನಿ ತೆಳು ಮೆಷಿನ್ ಎಣ್ಣೆ ಹಾಕಿದ ಬಟ್ಟೆಯಲ್ಲಿ ಹೊರಳಿಸಿ ಹೊಡೆದಾಗ 3.0, ಲಾಭವಿಲ್ಲ ಎಂದೇ ಬರೆದುಕೊಂಡೆ. ಒಮ್ಮೆ ಪುಡಿ ಹಿಡಿದ ಪೆಲೆಟ್ ಹಿಂದಿನಂತಾಗುವುದಿಲ್ಲ. ಅಭ್ಯಾಸಕ್ಕೆ ಇಡಬಹುದು, ಸ್ಪರ್ಧೆಗೆ ಬೇಡ. ನಳಿಕೆಯಲ್ಲಿ ಓಡಿಸಿದ ಮೊದಲ ಫೆಲ್ಟುಗಳು ಬೂದಿ ಬಣ್ಣಕ್ಕೆ ಬಂದವು. ಬಿಳಿಯಾಗಿ ಬರುವ ತನಕ ಒಣ ಫೆಲ್ಟ್ ಓಡಿಸಿ, 'ಆ' ಡಬ್ಬಿಯ ಪೆಲೆಟ್ ಹಾಕಿದ ಮೇಲೆ ಎಡಕ್ಕೆ ಎಳೆಯುವುದು ನಿಂತಿತು. ಸೈಟ್ ಮುಟ್ಟಲೇ ಇಲ್ಲ.

ಈಗ ಇರುವ ವ್ಯವಸ್ಥೆ

ಡಬ್ಬಿಗಳೆಲ್ಲ ರಬ್ಬರ್ ಬಳೆಯಿರುವ ಸ್ಟೀಲ್ ಡಬ್ಬದೊಳಗೆ (₹380), ಜೊತೆಗೆ 50 ಗ್ರಾಂ ಸಿಲಿಕಾ ಜೆಲ್, ನೀಲಿ ಬಣ್ಣ ಗುಲಾಬಿಗೆ ತಿರುಗಿದಾಗ ಬಿಸಿ ಮಾಡಿ ಮತ್ತೆ ಹಾಕುವುದು. ಅದಕ್ಕೆ ಬೇರೆ ಬಾಣಲೆ, ಅಡುಗೆಯದಲ್ಲ. ಡಬ್ಬ ಇರುವುದು ಕಬ್ಬಿಣದ ಕಪಾಟಿನಲ್ಲಿ. ಅಂಗಡಿಯಿಂದ ಬಂದ ರಟ್ಟಿನ ಪೆಟ್ಟಿಗೆ ಅಂದೇ ಹೊರಗೆ. ಒಂದು ದಿನಕ್ಕೆ ಬೇಕಾದಷ್ಟೇ ಪೆಲೆಟ್ ಚಿಕ್ಕ ಪ್ಲಾಸ್ಟಿಕ್ ತಟ್ಟೆಗೆ, ಉಳಿದದ್ದನ್ನು ಸಂಜೆ ವಾಪಸ್ ಡಬ್ಬಕ್ಕೆ ಹಾಕದೇ ಅಭ್ಯಾಸದ ಡಬ್ಬಿಗೆ.

'ಆ' ಡಬ್ಬಿಯದೇ ಬ್ಯಾಚ್ ನಂಬರಿನ ಇನ್ನೂ ಆರು ಡಬ್ಬಿ ಸಿಗುತ್ತದೆಯೇ ಎಂದು ಬೆಳಗಾವಿಯ ಅಂಗಡಿಗೆ ಕೇಳಿದ್ದೇನೆ. ಬೇರೆ ಬ್ಯಾಚಿನದೇ ಬಂದರೆ ಮತ್ತೆ ಗಾಜು, ಮತ್ತೆ ಹತ್ತು ಹಾಳೆ. ಪ್ಲೈವುಡ್ ಕಪಾಟಿನಲ್ಲಿ ಈಗ ಬಟ್ಟೆ ಇಡುತ್ತಿದ್ದಾರೆ, ಮಗಳ ಕಂಚಿನ ಪದಕವನ್ನೂ ಅಲ್ಲಿಂದ ತೆಗೆಸಿದ್ದೇನೆ.